ಏಣಿ ಗುರುತಿನ ಹಲಗೆ

ನಮ್ಮೂರಿನ ಮತಪತ್ರ ಹೇಗಿರಬೇಕು ಎಂದು ಕಾನೂನಿನಲ್ಲಿ ಬರೆದಿರುವುದನ್ನೆಲ್ಲ ನಾನು ಬಾಯಿಪಾಠ ಒಪ್ಪಿಸಬಲ್ಲೆ. ಒಪ್ಪಿಸಬಲ್ಲೆ ಅಷ್ಟೇ, ಅರ್ಥವಾಗಿದೆ ಎಂದು ಮಾತ್ರ ಹೇಳಲಾರೆ. ಕಾಗದದ ಉದ್ದ ಒಂದು ಮಾರು ಮೀರಬಾರದು. ಅಂದರೆ ಮತದಾರ ಎರಡೂ ಕೈ ಚಾಚಿ ಹಿಡಿದರೆ ಈ ತುದಿಯಿಂದ ಆ ತುದಿ ಕಾಣಬೇಕು. ಪ್ರತಿ ಹೆಸರಿಗೂ ಎರಡು ಬೆರಳಗಲ ಜಾಗ, ಅಧ್ಯಕ್ಷರಿಗೂ ಅಷ್ಟೇ, ಸೊಪ್ಪು ಮಾರುವವಳಿಗೂ ಅಷ್ಟೇ. ಅಕ್ಷರಕ್ಕೆ ಅಕ್ಷರ ತಾಗಕೂಡದು. ಗುರುತು ನೆರೆಮನೆಯಿಂದ ಕೇಳಿ ತರಬಹುದಾದ ವಸ್ತುವೇ ಆಗಿರಬೇಕು. ಜರಡಿ, ಕೊಡ, ಏಣಿ, ಒನಕೆ ನಡೆಯುತ್ತವೆ. ಹುಲಿ, ಕಿರೀಟ ನಡೆಯುವುದಿಲ್ಲ. ಇನ್ನು, ಒಮ್ಮೆ ನಿಂತವರ ಹೆಸರನ್ನು ಅವರು ತೀರಿಕೊಂಡರು ಎನ್ನುವ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ.

ನಾನು ಕೆಲಸ ಮಾಡುವುದು ಈ ಮತಪತ್ರ ಅಚ್ಚು ಹಾಕುವ ಅಚ್ಚುಕೂಟದಲ್ಲಿ. ಒಂದೊಂದು ಹೆಸರಿಗೂ ಒಂದೊಂದು ಮರದ ಹಲಗೆ. ಅದರ ಮೇಲೆ ಹೆಸರು, ಪಕ್ಕದಲ್ಲಿ ಗುರುತು, ಎರಡೂ ತಿರುಗುಮುರುಗಾಗಿ ಕೆತ್ತಿರುತ್ತವೆ. ಹಲಗೆಗಳನ್ನು ಒಂದರ ಕೆಳಗೊಂದು ಚೌಕಟ್ಟಿಗೆ ತೂರಿಸಿ, ಮಸಿ ಬಳಿದು ಕಾಗದ ಒತ್ತುತ್ತೇವೆ. ನಮ್ಮ ವಾರ್ಡಿನ ಚೌಕಟ್ಟಿನ ಕೆಳಭಾಗದಲ್ಲಿ ಏಣಿ ಗುರುತಿನ ಹಲಗೆಯೊಂದಿದೆ. ಅದು ನಮ್ಮ ಮನೆಯವರದು. ಹಾಲೇಶ ಎಂದು ನಾನೇ ಕೆತ್ತಿದ್ದು. ಕೆತ್ತುವಾಗ ಅವರು ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು.

ಯಾಕೆ ನಿಂತರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಬೀದಿಗೆಲ್ಲ ಇದ್ದದ್ದು ನಮ್ಮದೊಂದೇ ಏಣಿ. ಅದನ್ನು ಕೇಳಲು ಬಂದವರು ಯಾರೋ "ನೀನೂ ನಿಂತ್ಕೊಳ್ಳಪ್ಪ ಹಾಲೇಶ" ಎಂದಿದ್ದಾರೆ, ಇವರು "ನೋಡೋಣ" ಎಂದಿದ್ದಾರೆ. ಅವರ ಬಾಯಲ್ಲಿ ಆ ಮಾತು ಬಿಟ್ಟು ಬೇರೆ ಬಂದದ್ದೇ ಕಡಿಮೆ. ಸೂರು ಸೋರುತ್ತೆ ಅಂದರೂ ನೋಡೋಣ, ಬೇರೆ ಕೆಲಸ ಹುಡುಕಿ ಅಂದರೂ ನೋಡೋಣ. ಆಗಲಿ ಎಂದು ಹೇಳಿ ನಡೆಸಿಕೊಟ್ಟದ್ದಿಲ್ಲ, ಬೇಡ ಎಂದು ಹೇಳಿ ಯಾರ ಮನಸ್ಸನ್ನೂ ನೋಯಿಸಿದ್ದಿಲ್ಲ. ಎರಡನೆಯದು ಗಂಡು ಹುಟ್ಟಿದಾಗ ಹೆಸರೇನಿಡೋಣ ಎಂದು ಕೇಳಿದೆ. ಎಂದಿನಂತೆ ತಲೆ ಎಡಕ್ಕೆ ವಾಲಿಸಿ, ಕಿವಿಯ ಹಿಂದೆ ಕೆರೆದುಕೊಂಡು "ನೋಡೋಣ" ಎಂದರು. ಅವನು ಇನ್ನೂ ಪುಟ್ಟು ಆಗಿಯೇ ಉಳಿದಿದ್ದಾನೆ. ಆ ವರ್ಷವೇ ಜ್ವರ ಬಂದು ಇವರು ಹೋದರು.

ನಮ್ಮೂರಲ್ಲಿ ಚುನಾವಣೆ ವರ್ಷಕ್ಕೊಂದು. ಪ್ರತಿ ಸಲವೂ ಎಣಿಕೆ ಮುಗಿದ ಮೇಲೆ ಮಗಳು ಇಂಚರ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ, "ಅಮ್ಮಾ, ಅಪ್ಪಂಗೆ ಎಷ್ಟು ಬಂತು?" ನಾಲ್ಕೋ ಐದೋ ಬಂದಿರುತ್ತವೆ. ಒಂದು ನನ್ನದು. ಉಳಿದವು ಯಾರದೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ತೀರಿಕೊಂಡವರಿಗೆ ಸೊನ್ನೆ ಬಂದರೆ ಮನೆಯವರಿಗೆ ಬೇಜಾರಾಗುತ್ತದಲ್ಲ, ಅದಕ್ಕೆ ಯಾರಾದರೂ ನೆನೆಸಿಕೊಂಡು ಒಂದು ಮುದ್ರೆ ಒತ್ತಿ ಹೋಗುತ್ತಾರೆ. ಸಾವಿನ ಮನೆಗೆ ಅಕ್ಕಿ ಬೇಳೆ ಕಳಿಸಿದ ಹಾಗೆ. ಅವತ್ತು ಇಂಚರ ಖುಷಿಯಾಗಿ ಉಣ್ಣುತ್ತಾಳೆ. ಅಪ್ಪ ಎಲ್ಲೋ ಪಕ್ಕದ ಬೀದಿಗೆ ಹೋಗಿದ್ದಾರೆ, ಜನ ಇನ್ನೂ ಮಾತಾಡಿಸುತ್ತಿದ್ದಾರೆ ಎನ್ನುವ ಭಾವ ಅವಳಿಗೆ. ಅದನ್ನು ತಪ್ಪು ಎನ್ನಬೇಕೋ ಸರಿ ಎನ್ನಬೇಕೋ ನನಗೆ ತಿಳಿಯುವುದಿಲ್ಲ.

ತೊಂದರೆ ಶುರುವಾದದ್ದು ಕೂಸಿನ ಮನೆಯಿಂದ. ದುಡಿಯುವವರ ಮಕ್ಕಳನ್ನು ದೀಪ ಹಚ್ಚುವ ಹೊತ್ತಿನವರೆಗೂ ನೋಡಿಕೊಳ್ಳುವ ಜಾಗ ಅದು. ಪುರಸಭೆಯ ಒಂದು ಉದ್ದನೆಯ ಕೋಣೆ, ನಡೆಸುವವಳು ಜುಲೇಖಾ. ನನಗೆ ಅಚ್ಚುಕೂಟ ಮುಗಿದ ಮೇಲೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸವೂ ಇದೆ. ಪುಟ್ಟುವನ್ನು ಅಲ್ಲಿ ಬಿಡದಿದ್ದರೆ ಎರಡರಲ್ಲಿ ಒಂದನ್ನು ಬಿಡಬೇಕು. ಒಂದನ್ನು ಬಿಟ್ಟರೆ ಮನೆ ನಡೆಯುವುದಿಲ್ಲ. ಇಂಚರ ನೋಡಿಕೊಳ್ಳಲಿ ಎಂದರೆ ಅವಳು ಶಾಲೆ ಬಿಡಬೇಕು. ಹೀಗಿರುವಾಗ ಅಧ್ಯಕ್ಷ ಪರಮಶಿವಯ್ಯನವರು ಆ ಕೋಣೆ ತಮಗೆ ಬೇಕು ಎಂದರು. ಅದೂ ಸ್ವಂತಕ್ಕಲ್ಲ, ಕಾನೂನಿಗೆ.

ಏನು ಕಾನೂನು? ಚೌಕಟ್ಟಿನಿಂದ ತೆಗೆದ ಹಲಗೆಯನ್ನು ಸುಡುವಂತಿಲ್ಲ, ಒಂದರ ಮೇಲೊಂದು ಪೇರಿಸುವಂತಿಲ್ಲ. ಹೆಸರು ಹೊರಗೆ ಕಾಣುವಂತೆ ಗೋಡೆಗೆ ಒರಗಿಸಿಡಬೇಕು. ಹಳೆಯ ಹಲಗೆಗಳಿಂದ ಪುರಸಭೆಯ ಗೋಡೆಗಳೆಲ್ಲ ತುಂಬಿಹೋಗಿವೆ. ಕಚೇರಿಯ ಶೌಚಾಲಯದಲ್ಲೂ ಒರಗಿಸಿದ್ದಾರೆ. ಹೋದವರು ಮುಖ ಮುಚ್ಚಿಕೊಂಡು ಹೊರಬರುತ್ತಾರೆ, ಒಳಗೆ ಯಾರಾದರೊಬ್ಬರ ತಾತ ಇರುತ್ತಾರೆ. ಇನ್ನು ಉಳಿದಿರುವ ಖಾಲಿ ಗೋಡೆ ಕೂಸಿನ ಮನೆಯದೊಂದೇ.

ನಮ್ಮ ವಾರ್ಡಿನ ಸದಸ್ಯ ಚನ್ನವೀರಣ್ಣ ಅಧ್ಯಕ್ಷರು ಏನೆಂದರೂ "ಆಗಲಿ" ಎನ್ನುವ ಮನುಷ್ಯ. ಆದ್ದರಿಂದ ಜುಲೇಖಾ ತಾನೇ ನಿಲ್ಲುತ್ತೇನೆಂದು ಹೊರಟಳು. ಆದರೆ ಚೌಕಟ್ಟು ತುಂಬಿತ್ತು. ಒಂದು ಮಾರಿಗೆ ಎಷ್ಟು ಹಿಡಿಯುತ್ತವೋ ಅಷ್ಟೂ ಹಲಗೆಗಳು, ಅದರಲ್ಲಿ ಮುಕ್ಕಾಲು ಪಾಲು ತೀರಿಕೊಂಡವರವು. ಯಾರಾದರೂ ಜಾಗ ಬಿಟ್ಟುಕೊಟ್ಟರೆ ಮಾತ್ರ ಹೊಸ ಹೆಸರು.

ಪುಟ್ಟುವನ್ನು ಕರೆದುಕೊಳ್ಳಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಪಂಕಜಕ್ಕ, ಕೇಳೋಕೆ ನಾಲಿಗೆ ಬರ್ತಿಲ್ಲ."

"ಗೊತ್ತು ಬಿಡು ನೀನೇನು ಕೇಳ್ತೀಯ ಅಂತ."

"ಬೇರೆ ಮನೆಗಳಿಗೆಲ್ಲ ಹೋಗಿ ಬಂದೆ. ಒಬ್ರು ನಮ್ಮತ್ತೆ ಹೆಸರು ತೆಗೆದ್ರೆ ಕನಸಲ್ಲಿ ಬಂದು ಬೈತಾರೆ ಅಂತಾರೆ. ಇನ್ನೊಬ್ರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದೀವಿ, ಒಟ್ಟಿಗೆ ಕೈ ಹಾಕಲ್ಲ ಅಂತಾರೆ. ನಿಮ್ಮನೇಲಾದ್ರೆ ನೀವು, ಇಂಚರ, ಇಬ್ರೇ."

ಅದೂ ಒಂದು ನಿಯಮ. ಹಲಗೆಯನ್ನು ಹೊರಗೆ ಎಳೆಯಬೇಕಾದರೆ ಆ ಹೆಸರನ್ನು ಓದಬಲ್ಲ ಮನೆಯವರೆಲ್ಲ ಅದರ ಮೇಲೆ ಕೈಯಿಟ್ಟು ಒಟ್ಟಿಗೆ ಎಳೆಯಬೇಕು. ಪುಟ್ಟುವಿಗೆ ಓದಲು ಬರುತ್ತಿರಲಿಲ್ಲ, ಅವನು ಲೆಕ್ಕಕ್ಕಿಲ್ಲ.

"ಆದ್ರೆ ಜುಲೇಖಾ," ಎಂದೆ, "ನಮ್ಮ ಹಲಗೆ ತೆಗೆದ್ರೆ ಅದನ್ನ ಇಡೋಕೂ ಗೋಡೆ ಬೇಕಲ್ಲ. ಇರೋ ಗೋಡೆ ನಿಂದೇ. ನಿನ್ನ ಗೋಡೆ ಉಳಿಸೋಕೆ ನಮ್ಮ ಹಲಗೆ ತೆಗೀಬೇಕು, ತೆಗೆದ ಹಲಗೆಗೆ ನಿನ್ನ ಗೋಡೆ ಬೇಕು. ಇದು ಹೆಂಗೆ?"

"ನಂಗೂ ಅದು ಗೊತ್ತಾಗ್ತಿಲ್ಲ ಅಕ್ಕ. ಹಾಲೇಶಣ್ಣ ಒಬ್ರೇ ಆದ್ರೆ ನಮ್ಮ ತೊಟ್ಟಿಲ ಪಕ್ಕ ಒರಗಿಸ್ಕೊತೀನಿ. ಮಕ್ಕಳಿಗೇನು, ಅಂಟ್ಕೊಂಡು ಆಡ್ತವೆ."

ನಾನು ಒಪ್ಪಿದೆ. ಮನೆಯಲ್ಲಿ ಸತ್ತವರ ಲೆಕ್ಕ ಬೇರೆ, ಬದುಕುವವರ ಲೆಕ್ಕ ಬೇರೆ ಎಂದು ಇಂಚರಳಿಗೆ ಹೇಳಿದೆ. ಅವಳು ಹೂಂ ಎಂದಳು. ತಮ್ಮನ ವಿಷಯ ಹೇಳಿದೆ, ನನ್ನ ಸೊಂಟದ ವಿಷಯ ಹೇಳಿದೆ. ಎಲ್ಲಕ್ಕೂ ಹೂಂ ಎಂದಳು. ಮರುದಿನ ಅಚ್ಚುಕೂಟಕ್ಕೆ ಬಂದೆವು. ಚುನಾವಣೆ ಗುಮಾಸ್ತ ರುದ್ರಮುನಿ ಚೌಕಟ್ಟಿನ ಬೀಗ ತೆಗೆದು, "ಇಬ್ಬರೂ ಕೈ ಇಡಿ" ಎಂದರು. ನಾನು ಏಣಿಯ ಚಿತ್ರದ ಮೇಲೆ ಬೆರಳಿಟ್ಟೆ. ಜುಲೇಖಾ ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಇಂಚರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇಡಮ್ಮ, ಮಸಿ ಹತ್ತಲ್ಲ, ಒರೆಸಿದೀನಿ," ಎಂದರು ರುದ್ರಮುನಿ.

"ನಾನು ಹೂಂ ಅಂದಿದ್ದು ನೀನು ಹೇಳಿದ್ದು ಕೇಳಿಸ್ತು ಅಂತ ಅಮ್ಮಾ," ಎಂದಳು ಇಂಚರ. "ಕೈ ಇಡ್ತೀನಿ ಅಂತ ಅಲ್ಲ."

"ಹಂಗಂದ್ರೇನೇ?"

"ಅಪ್ಪಂದು ಎಲ್ಲಾ ತೆಗ್ದಾಯ್ತು. ನೀನು ಚಪ್ಪಲಿ ಕೊಟ್ಟೆ. ಶರ್ಟು ಕೊಟ್ಟೆ. ಏಣೀನೂ ಮಾರಿದೆ. ಇದೊಂದಿರ್ಲಿ."

ಏಣಿ ಮಾರಿದ್ದು ಅವಳ ಶಾಲೆಯ ಬಟ್ಟೆಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬೈಯಲೋ ತಬ್ಬಿಕೊಳ್ಳಲೋ ತಿಳಿಯದೆ ಹಲಗೆಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದೆ. ರುದ್ರಮುನಿ ಬೀಗ ಹಾಕಿದರು. ಜುಲೇಖಾ ಇಂಚರಳ ತಲೆ ಸವರಿ, "ಹೋಗ್ಲಿ ಬಿಡು ಕಂದಾ" ಎಂದು ಹೊರಟುಹೋದಳು. ಅವಳ ಹೆಸರಿಲ್ಲದ ಮತಪತ್ರಗಳನ್ನು ನಾನೇ ಅಚ್ಚು ಹಾಕಿದೆ.

ಮತದಾನದ ದಿನ ಜನ ಎಂದಿನಂತೆ ಬಂದರು, ಕೈ ಚಾಚಿ ಕಾಗದ ಹಿಡಿದರು, ಒತ್ತಿ ಹೋದರು. ಎಣಿಕೆಯ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ರುದ್ರಮುನಿ ಏದುಸಿರು ಬಿಡುತ್ತ ಖಾನಾವಳಿಯ ಹಿತ್ತಿಲಿಗೇ ಬಂದರು.

"ಪಂಕಜಮ್ಮ, ನಿಮ್ಮೆಜಮಾನ್ರು ಗೆದ್ದುಬಿಟ್ರಲ್ರಿ!"

ಹೆಂಚಿನ ಮೇಲಿದ್ದ ರೊಟ್ಟಿ ಕರಟಿತು. "ಯಾವ ಯಜಮಾನ್ರು?" ಎಂದು ಕೇಳಿದೆನಂತೆ. ನನಗೆ ನೆನಪಿಲ್ಲ.

ಹೇಗೆ ಗೆದ್ದರು ಎಂದು ಆಮೇಲೆ ಬೀದಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದಾಗ ತಿಳಿಯಿತು. ಅಚ್ಚುಕೂಟದಲ್ಲಿ ಇಂಚರ ಕೈ ಕಟ್ಟಿಕೊಂಡು ನಿಂತ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಚನ್ನವೀರಣ್ಣನಿಗೆ ಹಾಕಲು ಯಾರಿಗೂ ಮನಸ್ಸಿರಲಿಲ್ಲ, ಜುಲೇಖಾಳ ಹೆಸರಿರಲಿಲ್ಲ.

"ಪಾಪ ಆ ಮಗು ಸಂಜೆಗೆ ಕೇಳ್ತದಲ್ಲ, ಅಪ್ಪಂಗೆ ಎಷ್ಟು ಬಂತು ಅಂತ," ಎಂದಳು ಎದುರುಮನೆ ಶಾರದಮ್ಮ. "ಒಂದಾದ್ರೂ ಹೆಚ್ಚಿಗೆ ಬರ್ಲಿ ಅಂತ ಹಾಕ್ದೆ. ನಾನೊಬ್ಳೇ ಅನ್ಕೊಂಡೆ ಕಣೆ."

"ನಾನೂ ನಾನೊಬ್ನೇ ಅನ್ಕೊಂಡೆ," ಎಂದ ಅವಳ ಗಂಡ ಒಳಗಿನಿಂದ.

"ನೀವೂ ಹಾಕಿದ್ರಾ? ಹೇಳ್ಬಾರ್ದಾ?"

"ನೀನು ಹೇಳಿದ್ಯಾ?"

ಇಡೀ ವಾರ್ಡು ಹೀಗೆ ತಾನೊಬ್ಬನೇ ಎಂದುಕೊಂಡು ಒತ್ತಿತ್ತು. ಇಂಚರ ಅವತ್ತು ಅಪ್ಪನಿಗೆ ಎಷ್ಟು ಬಂತು ಎಂದು ಕೇಳಲೇ ಇಲ್ಲ. ನನ್ನ ಮುಖ ನೋಡಿ ಹೆದರಿ, "ನಾನೇನೂ ಮಾಡ್ಲಿಲ್ಲಮ್ಮ" ಎಂದಳು.

ತೀರಿಕೊಂಡವರು ಗೆಲ್ಲುವುದು ನಮ್ಮೂರಿಗೆ ಹೊಸದಲ್ಲ. ಆ ಹಲಗೆಯನ್ನು ಗುಮಾಸ್ತರೇ ಚೌಕಟ್ಟಿನಿಂದ ಬಿಡಿಸಿ ಮನೆಗೆ ಕೊಡುತ್ತಾರೆ, ವರ್ಷ ಮುಗಿಯುವವರೆಗೆ ಸಭೆಗೆ ಒಯ್ದು ಕುರ್ಚಿಯ ಮೇಲೆ ಇಡಬೇಕು. ಒಯ್ಯುವುದು ಮನೆಯವರ ಕೆಲಸ. ಅಧ್ಯಕ್ಷರಿಗೆ ಇಂಥ ಸದಸ್ಯರೆಂದರೆ ಪ್ರೀತಿ, ಯಾಕೆಂದರೆ ಏನೂ ಹೇಳದವರು ಒಪ್ಪಿದ ಹಾಗೆ ಎಂದು ಬರೆದುಕೊಳ್ಳುತ್ತಾರೆ. ಗೆದ್ದ ಮರುದಿನ ಅವರು ನಮ್ಮ ಮನೆಗೇ ಬಂದು ಹಲಗೆಗೆ ಹಾರ ಹಾಕಿ, "ಹಾಲೇಶ ಒಳ್ಳೆ ಮನುಷ್ಯ, ತಕರಾರಿಲ್ಲದೋನು" ಎಂದರು. ಕೂಸಿನ ಮನೆಯ ವಿಷಯ ಮೊದಲ ಸಭೆಯಲ್ಲೇ ಇತ್ತು.

ಅಂದರೆ ಏನಾಯಿತು ನೋಡಿ. ನನ್ನ ಮಗಳ ಮೇಲಿನ ಕನಿಕರಕ್ಕೆ ಊರು ನನ್ನ ಗಂಡನನ್ನು ಗೆಲ್ಲಿಸಿತು, ನನ್ನ ಗಂಡ ಸುಮ್ಮನಿದ್ದು ನನ್ನ ಮಗನ ಜಾಗ ಮುಚ್ಚಿಸಲಿದ್ದರು. ಯಾರ ಮೇಲೆ ಸಿಟ್ಟಾಗಬೇಕು? ಹಲಗೆಯ ಮುಂದೆ ನಿಂತು, "ಏನ್ರೀ ಇದು?" ಎಂದೆ. ಬದುಕಿದ್ದರೆ ನೋಡೋಣ ಎಂದಾದರೂ ಅನ್ನುತ್ತಿದ್ದರು.

ಸಭೆಯ ದಿನ ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಇಂಚರ ಜೊತೆಗೆ ಬಂದಳು. ಪುಟ್ಟುವನ್ನು ಎತ್ತಿಕೊಂಡು ಜುಲೇಖಾ ಹಿಂದಿನ ಬೆಂಚಿನಲ್ಲಿ ಕೂತಳು. ನಮ್ಮ ಬೀದಿಯವರೆಲ್ಲ, ಗೆಲ್ಲಿಸಿದ ತಪ್ಪಿಗೆ ಎನ್ನುವಂತೆ, ತಲೆ ತಗ್ಗಿಸಿಕೊಂಡು ಬಂದು ಕೂತಿದ್ದರು. ಕುರ್ಚಿಯ ಮೇಲೆ ಹಲಗೆ ಇಟ್ಟೆ. ಜಾರಿ ಬಿತ್ತು. ಇನ್ನೊಮ್ಮೆ ಇಟ್ಟೆ.

ರುದ್ರಮುನಿ ಓದಿದರು: ಹಲಗೆಗಳಿಗೆ ಗೋಡೆ ಒದಗಿಸಲು ಕೂಸಿನ ಮನೆಯ ಕೋಣೆ ತೆರವು ಮಾಡುವುದು. ಸಭೆಯಲ್ಲಿದ್ದ ಒಬ್ಬೊಬ್ಬ ಸದಸ್ಯರೂ "ಆಗಲಿ" ಎನ್ನುತ್ತ ಬಂದರು. ಸಂಬಂಧಪಟ್ಟ ವಾರ್ಡಿನ ಸದಸ್ಯರ ಮಾತು ಕೊನೆಗೆ.

"ಹಾಲೇಶ ಅವರು," ಎಂದು ಕರೆದು ರುದ್ರಮುನಿ ನನ್ನ ಕಡೆ ತಿರುಗಿದರು. "ಹೊತ್ತು ತಂದವರು ಏನಾದ್ರೂ ಹೇಳೋದಿದೆಯಾ?"

ಅದು ಸುಮ್ಮನೆ ಕೇಳುವ ಪ್ರಶ್ನೆ. ನಾಚಿಕೆಗೋ ದುಃಖಕ್ಕೋ ಇದುವರೆಗೆ ಯಾವ ಮನೆಯವರೂ ಬಾಯಿ ಬಿಟ್ಟದ್ದಿಲ್ಲ. ಅಧ್ಯಕ್ಷರು ಆಗಲೇ ಲೇಖನಿ ತೆಗೆದುಕೊಂಡಿದ್ದರು.

"ಹೇಳ್ಬೋದಾ?" ಎಂದೆ.

ಅಧ್ಯಕ್ಷರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ಕಾನೂನಿನ ಪುಸ್ತಕ ತಿರುವಿದರು. ತುಂಬ ಹೊತ್ತು ತಿರುವಿದರು. "ಹೇಳ್ಬೋದು," ಎಂದರು ಕೊನೆಗೆ, ಅವರಿಗೇ ಆಶ್ಚರ್ಯವಾದ ಹಾಗೆ. "ಆದ್ರೆ ನಿಮ್ಮ ಮಾತಲ್ಲ. ಅವರಿದ್ದಿದ್ರೆ ಏನಂತಿದ್ರೋ ಅದು. ಅವರು ಹಂಗಂತಿದ್ದದ್ದು ನಿಜ ಅಂತ ವಾರ್ಡಿನೋರು ಒಪ್ಪಬೇಕು."

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಹಿಂದೆ ತಿರುಗಿದರೆ ಇಡೀ ಬೀದಿ ನನ್ನನ್ನೇ ನೋಡುತ್ತಿತ್ತು. ಹಾಲೇಶ ಯಾವತ್ತಾದರೂ ಯಾರಿಗಾದರೂ ಬೇಡ ಎಂದಿದ್ದಾನೆ ಎಂದರೆ ಶಾರದಮ್ಮನೇ ನಗುತ್ತಾಳೆ. ಕೂಸಿನ ಮನೆ ಉಳಿಯಲಿ ಎಂದು ಸುಳ್ಳಿಗೆ ಹೂಂಗುಟ್ಟಿದರೂ ಹೂಂಗುಟ್ಟಿಯಾರು. ಆದರೆ ಆ ಒಂದು ಮಾತು ಅವರ ಬಾಯಲ್ಲಿ ಇಟ್ಟರೆ, ಆ ಕುರ್ಚಿಯ ಮೇಲಿರುವುದು ಬೇರೆ ಯಾರೋ ಆಗಿಬಿಡುತ್ತಾರೆ ಎನ್ನಿಸಿತು. ಇಂಚರ ನನ್ನ ಸೆರಗು ಹಿಡಿದಿದ್ದಳು. ಏನು ಹೇಳಬೇಕು, ಯಾರ ಪರವಾಗಿ ಹೇಳಬೇಕು, ನನ್ನ ತಲೆ ಕೆಟ್ಟುಹೋಯಿತು. ಕೊನೆಗೆ ಇದ್ದದ್ದನ್ನೇ ಹೇಳಿದೆ.

"ಇವರಿದ್ದಿದ್ರೆ ನೋಡೋಣ ಅಂತಿದ್ರು."

ಹಿಂದಿನ ಬೆಂಚಿನಿಂದ ಶಾರದಮ್ಮನ ಗಂಡ ಎದ್ದು ನಿಂತ. "ಹೌದು ಸ್ವಾಮಿ, ಅದನ್ನೇ ಅಂತಿದ್ದ! ನಮ್ಮನೆ ಸೂರು ಹತ್ತಿ ನೋಡು ಅಂದ್ರೆ ಎರಡು ಮಳೆಗಾಲ ಅದನ್ನೇ ಅಂದ!"

"ನಂಗೂ ಅಂದಿದ್ದ!"

"ಮಗಳ ಮದ್ವೆಗೆ ಬಾ ಅಂತ ಕರೆಯೋಕೆ ಹೋದ್ರೂ ಅದನ್ನೇ ಅಂದ, ಬೆಪ್ಪ!"

ಇಡೀ ಬೆಂಚು ನಗುತ್ತಿತ್ತು. ಇಂಚರಳೂ ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತ. ಅಧ್ಯಕ್ಷರ ಮುಖ ಮಾತ್ರ ಬಿಗಿಯಿತು. "ನೋಡೋಣ ಅಂದ್ರೆ ಏನು ಬರ್ಕೊಳ್ಳೋದ್ರೀ? ಹೂಂ ಅಂತಲೋ ಊಹೂಂ ಅಂತಲೋ?"

ರುದ್ರಮುನಿ ಪುಸ್ತಕದ ಕೊನೆಯ ಹಾಳೆಯವರೆಗೂ ಹೋಗಿ ಬಂದರು. "ಎರಡೂ ಅಲ್ಲ ಸ್ವಾಮಿ. ವಾರ್ಡಿನ ಸದಸ್ಯರು ಆಗಲಿ ಅನ್ನೋವರೆಗೂ ಆ ವಾರ್ಡಿನ ವಿಷಯ ಮುಂದಿನ ಸಭೆಗೆ ಹೋಗ್ತದೆ."

ಮುಂದಿನ ಸಭೆಯಲ್ಲೂ ನೋಡೋಣ ಎಂದೆ. ಅದರ ಮುಂದಿನದರಲ್ಲೂ. ಪರಮಶಿವಯ್ಯನವರು ಕಾದು ಸಾಕಾಗಿ, ಗೋಡೆ ಸಿಗದ ಹಲಗೆಗಳನ್ನು ತಮ್ಮ ಮನೆಯ ನಡುಮನೆಯಲ್ಲೇ ಒರಗಿಸಿಕೊಂಡರು. ಊಟಕ್ಕೆ ಕೂತರೆ ತಾವು ಸೋಲಿಸಿದವರೆಲ್ಲ ಗೋಡೆಯ ಸುತ್ತ ನಿಂತಿರುತ್ತಾರಂತೆ. ಅವರ ಹೆಂಡತಿ ತವರಿಗೆ ಹೋದವರು ಬಂದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಕೂಸಿನ ಮನೆ ಉಳಿಯಿತು, ನನ್ನ ಎರಡೂ ಕೆಲಸ ಉಳಿದವು. ಆದರೆ ಮಳೆಗಾಲದಲ್ಲಿ ಆ ಕೋಣೆಯ ಮಾಡು ಸೋರತೊಡಗಿತು. ದುರಸ್ತಿ ಮಾಡಿಸುವ ವಿಷಯ ಸಭೆಗೆ ಬಂತು. ಎಲ್ಲರೂ ಆಗಲಿ ಎಂದರು, ಅಧ್ಯಕ್ಷರು ಕೂಡ. ನಾನು ಎದ್ದು ನಿಂತೆ. ಆಗಲಿ ಎನ್ನಬೇಕೆಂದು ಎಷ್ಟು ಆಸೆಯಿತ್ತೋ! ಹಿಂದಿನ ಬೆಂಚು ಪಾಪ, ನನ್ನನ್ನೇ ನೋಡಿತು. ಸೂರು ಸೋರುತ್ತೆ ಅಂದಾಗ ಹಾಲೇಶ ಆಗಲಿ ಎಂದದ್ದನ್ನು ಕೇಳಿದವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. "ನೋಡೋಣ ಅಂತಿದ್ರು," ಎಂದು ಕೂತೆ. ಜುಲೇಖಾ ತೊಟ್ಟಿಲುಗಳನ್ನು ಒಣಗಿದ ಮೂಲೆಗೆ ಎಳೆದುಕೊಂಡಳು. ಬೀದಿಯ ದೀಪಕ್ಕೂ ಅದೇ, ಚರಂಡಿಗೂ ಅದೇ. ಯಾವುದೂ ಮುಚ್ಚಲಿಲ್ಲ, ಯಾವುದೂ ಆಗಲಿಲ್ಲ. ಬದುಕಿದ್ದಾಗ ಮನೆ ಹೇಗಿತ್ತೋ ಈಗ ಇಡೀ ವಾರ್ಡು ಹಾಗಾಯಿತು. ಜನ ನನ್ನನ್ನು ಕಂಡರೆ, "ನಿನ್ ಗಂಡನ ಕೈಲಿ ಸಾಕಾಯ್ತಮ್ಮ" ಎನ್ನುತ್ತಾರೆ. ನಾನೂ "ನಂಗೂ ಸಾಕಾಗಿದೆ" ಎನ್ನುತ್ತೇನೆ. ಹೀಗೆ ಅವರ ಮೇಲೆ ರೇಗಿ ಎಷ್ಟು ದಿನವಾಗಿತ್ತು!

ಈಗ ಮತ್ತೆ ಚುನಾವಣೆ ಬಂದಿದೆ. ವರ್ಷ ಮುಗಿದ ಹಲಗೆ ಚೌಕಟ್ಟಿಗೆ ಮರಳಿದೆ. ನಿನ್ನೆ ಜುಲೇಖಾ ಮನೆಗೇ ಬಂದಳು. ಈ ಸಲ ನಾಲಿಗೆ ಬರುತ್ತಿಲ್ಲ ಎನ್ನಲಿಲ್ಲ. "ಅಕ್ಕ, ಜಾಗ ಕೊಡಿ. ಅಣ್ಣ ಕೂಸಿನ ಮನೆ ಉಳಿಸಿದ್ರು, ನಾನು ಮಾಡು ಹೊದಿಸ್ತೀನಿ. ಅಣ್ಣನ್ನ ಸೋರದ ಗೋಡೆಗೆ ಒರಗಿಸ್ತೀನಿ," ಎಂದಳು. ನ್ಯಾಯವೇ. ಇಂಚರ ಉಗುರು ಕಚ್ಚುತ್ತ, "ಜುಲೇಖಕ್ಕನ ಹತ್ರ ಇದ್ರೆ ದಿನಾ ನೋಡ್ಬೋದಲ್ವಾಮ್ಮ?" ಎಂದಳು. ಒಪ್ಪಿದಳೆಂದೇ ಲೆಕ್ಕ. ನನಗೋ, ಕೈಯಿಡುತ್ತೇನೆ ಎಂದರೂ ಕಡಲೆಕಾಯಿ ತಿನ್ನುತ್ತ ಕೂತವರು ನೆನಪಾಗುತ್ತಾರೆ, ಇಡುವುದಿಲ್ಲ ಎಂದರೂ ಆ ಒದ್ದೆ ತೊಟ್ಟಿಲು ಕಣ್ಣಿಗೆ ಬರುತ್ತದೆ.

ಅಷ್ಟರಲ್ಲಿ ನೆನಪಾಯಿತು. ಈ ವರ್ಷ ಕೂಸಿನ ಮನೆಯಲ್ಲಿ ಜುಲೇಖಾಳೇ ಪುಟ್ಟುವಿಗೆ ಅಕ್ಷರ ಕಲಿಸಿದ್ದಾಳೆ. ಸಭೆಯಲ್ಲಿ ಕೂತು ಕೂತು ಅವನು ಮೊದಲು ಕೂಡಿಸಿ ಓದಿದ ಹೆಸರು ಕುರ್ಚಿಯ ಮೇಲಿನದು. ಅದೂ ಹಲಗೆಯ ಮೇಲೆ ತಿರುಗುಮುರುಗಾಗಿ ಇರುವ ಹಾಗೆಯೇ, ಬಲದಿಂದ ಎಡಕ್ಕೆ. ಹೆಸರು ಓದಬಲ್ಲ ಮನೆಯವರೆಲ್ಲ ಎಂದರೆ ಈಗ ಮೂವರು.

ಅವನನ್ನು ಕರೆದು ಕೂರಿಸಿಕೊಂಡೆವು. ಜುಲೇಖಾ ಅವನ ಎರಡೂ ಕೈ ಹಿಡಿದು, ಎಲ್ಲವನ್ನೂ ಅವನಿಗೆ ತಿಳಿಯುವ ಹಾಗೆ ಹೇಳಿದಳು. ಮಳೆ ಹನಿ, ತೊಟ್ಟಿಲು, ಮಾಡು, ಅಪ್ಪನ ಹಲಗೆ. "ಕೈ ಇಡ್ತೀಯಾ ಪುಟ್ಟು?"

ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ತಲೆಯನ್ನು ಎಡಕ್ಕೆ ವಾಲಿಸಿ ಕಿವಿಯ ಹಿಂದೆ ಕೆರೆದುಕೊಂಡ. ಹಾಗೆ ಕೆರೆದುಕೊಳ್ಳುವುದನ್ನು ನಾನು ಯಾವ ಸಭೆಯಲ್ಲೂ ಮಾಡಿ ತೋರಿಸಿಲ್ಲ, ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

"ನೋಡೋಣ," ಎಂದ.